ಬೇಸ್ ಕ್ಯಾಬ್ ಹೇಗಿದೆ ಅಂತ ಡ್ರಮ್ಮರ್‌ನನ್ನು ಕೇಳಿ

ಒಬ್ಬರೇ ಕೂತು ನುಡಿಸಿದಾಗ ಸೊಗಸಾಗಿ ಕೇಳುವ ಬೇಸ್ ಕ್ಯಾಬ್ (ಬೇಸ್ ಗಿಟಾರ್‌ನ ಸ್ಪೀಕರ್ ಪೆಟ್ಟಿಗೆ), ವೇದಿಕೆ ಮೇಲೆ ಇದೆಯೋ ಇಲ್ಲವೋ ಅನ್ನುವಂತೆ ಆಗುವುದನ್ನು ತುಂಬಾ ಸಲ ನೋಡಿದ್ದೇನೆ. ಅದಕ್ಕೇ ಯಾರಾದರೂ ಹೊಸ ಕ್ಯಾಬ್ ತೋರಿಸಿ ಹೇಗಿದೆ ಅಂತ ಕೇಳಿದರೆ, ಬ್ಯಾಂಡ್ ಜೊತೆ ಒಂದು ಕಾರ್ಯಕ್ರಮ ಪೂರ್ತಿ ಮುಗಿಯಲಿ, ಆಮೇಲೆ ಹೇಳುತ್ತೇನೆ ಅನ್ನುತ್ತೇನೆ.

ಒಬ್ಬರೇ ನುಡಿಸುವಾಗ ವಾಲ್ಯೂಮ್ ಕಡಿಮೆ ಇರುತ್ತದೆ. ಕಡಿಮೆ ವಾಲ್ಯೂಮ್‌ನಲ್ಲಿ ಕಿವಿಗೆ ತಗ್ಗಿನ ಸ್ವರಗಳು ಸರಿಯಾಗಿ ದಕ್ಕುವುದಿಲ್ಲ. ಹಾಗಾಗಿ ತಗ್ಗು ಜಾಸ್ತಿ, ಮಿಡ್ (ನಡುವಿನ ಸ್ವರಗಳು) ಕಡಿಮೆ ಇರುವ ಕ್ಯಾಬೇ ಚಂದ ಅನಿಸುತ್ತದೆ. ಬ್ಯಾಂಡ್ ಶುರುವಾದ ಮೇಲೆ ಅದೇ ತಗ್ಗು ಉಬ್ಬಿ ಕಿಕ್ ಡ್ರಮ್ ಜೊತೆ ಕಲಸಿಹೋಗುತ್ತದೆ. ಮಿಡ್ ಇಲ್ಲದ ಸ್ವರ ಗಿಟಾರ್ ಹಿಂದೆ ಮುಚ್ಚಿಹೋಗುತ್ತದೆ. ಇ ತಂತಿಯ ಮೂಲ ಸ್ವರ 41 ಹರ್ಟ್ಸ್, ನಿಜ. ಆದರೆ ಗಲಾಟೆಯ ನಡುವೆ ಆ ಸ್ವರದ ಗುರುತು ಹಿಡಿಸುವುದು ಹೆಚ್ಚಾಗಿ ಅದರ ಜೊತೆಗೇ ಹೊಮ್ಮುವ ಎರಡು, ಮೂರು ಪಟ್ಟಿನ 82, 123 ಹರ್ಟ್ಸ್‌ನಂಥ ಮೇಲಿನ ದನಿಗಳು. 10 ಇಂಚಿನ ಎಂಟು ಸ್ಪೀಕರ್ ಇರುವ ಆಂಪೆಗ್ ಕಂಪನಿಯ ದೊಡ್ಡ ಪೆಟ್ಟಿಗೆ ಗೊತ್ತಲ್ವಾ? 41ರ ಹತ್ತಿರ ಅದರ ದನಿ ಸಾಕಷ್ಟು ಕುಗ್ಗಿರುತ್ತದೆ. ಆದರೂ ವೇದಿಕೆ ಮೇಲೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ನನಗೆ ಬೇಕಾದದ್ದು ಅದು.

ಸೌಂಡ್ ಚೆಕ್‌ನಲ್ಲಿ ಉದ್ದದ ಕೇಬಲ್ ಹಾಕಿಕೊಂಡು ಓಡಾಡಿ. ಕ್ಯಾಬ್ ಮುಂದೆಯೇ ನಿಂತರೆ ಸ್ಪೀಕರ್ ನಿಮ್ಮ ಮೊಣಕಾಲಿಗೆ ನುಡಿಸುತ್ತಿರುತ್ತದೆ, ಕಿವಿಗಲ್ಲ. ಮೇಲಿನ ಸ್ವರಗಳು ನೇರವಾಗಿ ಮುಂದಕ್ಕೆ ಹೋಗುತ್ತವೆ, ಬದಿಗೆ ಅಷ್ಟಾಗಿ ಹರಡುವುದಿಲ್ಲ. ಡ್ರಮ್ಮರ್ ಸ್ಟೂಲ್ ಹತ್ತಿರ, ಹಾಡುವವರ ಮೈಕ್ ಹತ್ತಿರ ನಿಂತು ಕೇಳಿ. ಎರಡು ಸ್ಪೀಕರ್ ಇರುವ ಕ್ಯಾಬನ್ನು ಅಡ್ಡ ಇಡುವ ಬದಲು ನೆಟ್ಟಗೆ ನಿಲ್ಲಿಸಿದರೆ ಬದಿಯಲ್ಲಿರುವವರಿಗೂ ಸ್ಪಷ್ಟವಾಗುತ್ತದೆ, ಮೇಲಿನ ಸ್ಪೀಕರ್ ಕಿವಿಗೂ ಹತ್ತಿರವಾಗುತ್ತದೆ. ಆಮೇಲೆ ಡ್ರಮ್ಮರ್‌ನನ್ನು ಒಂದೇ ಪ್ರಶ್ನೆ ಕೇಳಿ: ನಾನು ಯಾವ ಸ್ವರದಲ್ಲಿದ್ದೀನಿ ಅಂತ ಗೊತ್ತಾಗ್ತಿದೆಯಾ? ಬರೀ ಗುಡುಗು ಕೇಳ್ತಿದೆ ಅಂದರೆ ಆ ಸೆಟಪ್ ಸರಿಯಿಲ್ಲ.

ಒಂದು ಸ್ವರ ಮಾತ್ರ ಉಬ್ಬಿದರೆ ಅಥವಾ ಕಾಣೆಯಾದರೆ ಕ್ಯಾಬನ್ನು ತಕ್ಷಣ ಬೈಯಬೇಡಿ. ಸ್ಪೀಕರ್‌ನಿಂದ ಹಿಂದಿನ ಗೋಡೆಗೆ ಒಂದು ಮೀಟರ್ ಇದ್ದರೆ, ಗೋಡೆಗೆ ಬಡಿದು ಬಂದ ಅಲೆ ಸುಮಾರು 86 ಹರ್ಟ್ಸ್ ಹತ್ತಿರದ ದನಿಯನ್ನು ಕಡಿದುಹಾಕುತ್ತದೆ. ಡಿ ತಂತಿಯ ಮೂರನೇ ಫ್ರೆಟ್‌ನ ಎಫ್ 87 ಹರ್ಟ್ಸ್. ಪಾಪ, ಅದು ಸೊರಗುವುದು ಸಹಜ! ಕ್ಯಾಬನ್ನು ಗೋಡೆಗೆ ಒತ್ತಿ ಇಟ್ಟು ಮತ್ತೆ ಕೇಳಿ. ಟೊಳ್ಳು ಹಲಗೆಯ ವೇದಿಕೆಯಾದರೆ ಅಡಿಗೆ ದಪ್ಪ ಫೋಮ್ ಹಾಕಿ ನೋಡಿ. ಜಾಗ ಬದಲಿಸಿದರೂ ಎಲ್ಲ ಕಡೆ ಅದೇ ಸ್ವರ ಕೈಕೊಟ್ಟರೆ ಆಗ ತಪ್ಪು ಪೆಟ್ಟಿಗೆಯದು.

ವ್ಯಾಟ್ ಅಂಕಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ವ್ಯಾಟ್ ಎರಡು ಪಟ್ಟಾದರೂ ಸಿಗುವುದು 3 ಡೆಸಿಬಲ್ ಅಷ್ಟೇ. ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ದನಿ ಬರುತ್ತದೆ ಅನ್ನುವ ಅಂಕಿ) 97 ಇರುವ ಕ್ಯಾಬ್ ಬಿಟ್ಟು 100 ಇರುವುದನ್ನು ತಂದರೆ ಅಷ್ಟೇ ಲಾಭ, ಅದೇ ಆಂಪ್‌ನಲ್ಲಿ.

ಕೊನೆಯ ಹಾಡುಗಳನ್ನಂತೂ ಗಮನವಿಟ್ಟು ಕೇಳುತ್ತೇನೆ. ಗಂಟೆಗಟ್ಟಲೆ ನುಡಿಸಿದ ಮೇಲೆ ಸ್ಪೀಕರ್ ಒಳಗಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್ ಕಾದು ಅದರ ರೆಸಿಸ್ಟೆನ್ಸ್ ಏರುತ್ತದೆ, ದನಿ ಇಳಿಯುತ್ತದೆ. ಶುರುವಿನಲ್ಲಿ ಇಟ್ಟ ವಾಲ್ಯೂಮ್‌ನಲ್ಲೇ ಕೊನೆಯವರೆಗೂ ಡ್ರಮ್ಮರ್‌ಗೆ ನನ್ನ ಸ್ವರ ಸ್ಪಷ್ಟವಾಗಿ ಸಿಕ್ಕರೆ, ಆ ಕ್ಯಾಬ್ ತೆಗೆದುಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ.