ಒಂದು ಭರಣಿಗೆ ಎಷ್ಟು ಮರದ ಮಿಡಿ?

ನಮ್ಮನೆ ಫ್ರೀಜರ್‌ನಲ್ಲಿ ಎರಡು ಪಾಲು. ಒಂದು ಬದಿ ಆಯಿಯದು: ಹಲಸಿನ ತೊಳೆ, ತುರಿದ ಕಾಯಿ. ಇನ್ನೊಂದು ಬದಿ ನನ್ನ ಹಾಪ್ಸ್, ಅಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಒಂದು ಬಳ್ಳಿಯ ಹೂವು. ಬೆಳ್ಳಿ ಬಣ್ಣದ ಚೀಲ, ಒಳಗೆ ಆ ಹೂವನ್ನು ಪುಡಿ ಮಾಡಿ ಒತ್ತಿದ ಹಸಿರು ಪೆಲೆಟ್. ಮೊದಲ ಸಲ ಚೀಲ ಬಿಚ್ಚಿದಾಗ ಆಯಿ ಇಣುಕಿ ನೋಡಿ, “ಇದೆಂತ ತಮ್ಮಾ, ದನದ ಹಿಂಡಿ ಹಾಂಗೆ ಇದ್ದು?” ಅಂದಿದ್ದಳು.

ನಾನು ಆರು ವರ್ಷ ನ್ಯೂಜಿಲೆಂಡ್‌ನ ನೆಲ್ಸನ್‌ನಲ್ಲಿದ್ದೆ. ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಅಲ್ಲಿ ಯಾರ ಅಪ್ಪಣೆಯೂ ಬೇಡ. ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಒಂದು ಸಲಕ್ಕೆ 20 ಲೀಟರಿನಂತೆ ಕುದಿಸುತ್ತಿದ್ದೆ. ಈಗ ಶಿರಸಿ ಹತ್ತಿರದ ಊರಲ್ಲಿ ತೋಟ ನೋಡಿಕೊಂಡಿದ್ದೇನೆ. ಇಲ್ಲಿ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಕುದಿಸುವ ಹಾಗಿಲ್ಲ. ಹಾಗಾಗಿ ಕುದಿಸುವುದು ಬಿಟ್ಟಿದ್ದೇನೆ. ಮೂಸುವುದು ಬಿಟ್ಟಿಲ್ಲ.

ಈ ಬರಹಕ್ಕೆ ಕಾರಣ ಕುಮಟಾದ ಗೆಳೆಯ. ಈಗ ಮೆಲ್ಬೋರ್ನ್‌ನಲ್ಲಿದ್ದಾನೆ, ಮೊದಲ ಬಿಯರ್ ಮಾಡಲು ಹೊರಟಿದ್ದಾನೆ. ಹೋದ ವಾರ ಐದು ಹಾಪ್ಸ್ ತಳಿಗಳ ಒಂದು ಪಟ್ಟಿ ಕಳಿಸಿದ. ಸಿಟ್ರಾ, ಮೊಸಾಯಿಕ್, ಸಿಮ್ಕೋ, ಗ್ಯಾಲಕ್ಸಿ, ನೆಲ್ಸನ್ ಸೋವಿನ್. “ಐದೂ ಒಳ್ಳೇದು ಅಂತಾರೆ. ಐದನ್ನೂ ಹಾಕಿದ್ರೆ ಐದು ಪಟ್ಟು ಒಳ್ಳೇದಾಗ್ತದೆ, ಅಲ್ವಾ ಮಾರಾಯ?”

ಇಲ್ಲ ಮಾರಾಯ. ನಾನೂ ಇದನ್ನೇ ಮಾಡಿದವನು. ಗ್ಯಾಲಕ್ಸಿ ಬದಲು ಮೊಟುಯೆಕಾ ಇತ್ತು, ಅಷ್ಟೇ ವ್ಯತ್ಯಾಸ. ಐದೂ ಬಗೆ ತಲಾ 30 ಗ್ರಾಂ. ಚೀಲ ಒಂದೊಂದನ್ನೇ ಬಿಚ್ಚಿದಾಗ ಗ್ಯಾರೇಜೆಲ್ಲ ಘಮ. ಎರಡು ವಾರ ಬಿಟ್ಟು ಗ್ಲಾಸಿಗೆ ಬಗ್ಗಿಸಿದರೆ, ಸಂತೆ ಮುಗಿದ ಮೇಲೆ ಹಣ್ಣಿನ ಅಂಗಡಿ ಮುಂದೆ ನಿಂತ ಹಾಗೆ. ಮಾವೂ ಅಲ್ಲ, ನಿಂಬೆಯೂ ಅಲ್ಲ, ಏನೋ ಒಂದು ಹಣ್ಣು. ಅದರ ಹಿಂದೆ ಸಣ್ಣಗೆ ಈರುಳ್ಳಿ, ಬೆಳ್ಳುಳ್ಳಿ. ಅದು ಮೊಸಾಯಿಕ್‌ನ ಕೆಲಸ. ಕೊಯ್ಲು ತಡವಾದರೆ ಕೆಲವು ತಳಿಗಳಲ್ಲಿ ಈ ವಾಸನೆ ಏಳುತ್ತದೆ. ಬೆಳ್ಳುಳ್ಳಿ ಕಂಡರಾಗದ ಮನೆಯಲ್ಲಿ ಹುಟ್ಟಿದವನು ಇಪ್ಪತ್ತು ಲೀಟರ್ ಬೆಳ್ಳುಳ್ಳಿ ಬಿಯರ್ ಕುಡಿದು ಮುಗಿಸಬೇಕಾಯಿತು.

ಆಮೇಲೆ ನನಗೆ ನೆನಪಾದದ್ದು ನಮ್ಮನೆಯ ಮಿಡಿ ಉಪ್ಪಿನಕಾಯಿ.

ಅಪ್ಪೆಮಿಡಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಎಳೆ ಮಾವಿನ ಮಿಡಿಯಲ್ಲಿ ಹುಳಿಯಷ್ಟೇ ಸೊನೆಯ ಪರಿಮಳವೂ ಮುಖ್ಯ. ಒಂದು ಮರದ್ದು ಜೀರಿಗೆ ವಾಸನೆ, ಇನ್ನೊಂದರದ್ದು ಕರ್ಪೂರ. ಅನಂತ ಭಟ್ಟನ ಅಪ್ಪೆ ಅಂತ ಮನುಷ್ಯರ ಹೆಸರು ಹೊತ್ತ ತಳಿಯೂ ಇದೆ. ಆಯಿ ಮಿಡಿ ಕೊಳ್ಳುವಾಗ ತೊಟ್ಟು ಮುರಿದು, ಸೊನೆ ಮೂಸಿ, ಆಮೇಲೆ ರೇಟು ಕೇಳುತ್ತಾಳೆ. ಒಂದು ಭರಣಿಗೆ ಒಂದೇ ಮರದ ಮಿಡಿ. ಬೆರೆಸುವುದಿಲ್ಲ. ಆದರೆ ಅಪ್ಪೆಹುಳಿ ಮಾಡುವಾಗ ಮಾತ್ರ ಬೇರೆ ಲೆಕ್ಕ. ಹುಳಿಗೆ ಯಾವುದೋ ಸಾದಾ ಮಾವಿನಕಾಯಿ ಬೇಯಿಸಿ ಹಿಂಡುತ್ತಾಳೆ. ಒಲೆಯಿಂದ ಇಳಿಸಿದ ಮೇಲೆ ಒಂದೇ ಒಂದು ಜೀರಿಗೆ ಮಿಡಿ ಕಿವುಚಿ ಬಿಡುತ್ತಾಳೆ.

ಹಾಪ್ಸ್ ಹಾಕುವ ಲೆಕ್ಕವೂ ಹೀಗೇ. ಹಾಪ್ಸ್‌ನಲ್ಲಿ ಕಹಿ ಕೊಡುವುದು ಆಲ್ಫಾ ಆಮ್ಲ. ಅದು ಚೆನ್ನಾಗಿ ಕುದಿದರೆ ಮಾತ್ರ ಬಿಯರಿಗೆ ಕಹಿ ಇಳಿಯುತ್ತದೆ. ಅದಕ್ಕೇ ಅದನ್ನು ಒಂದು ಗಂಟೆ ಕುದಿಸುವುದು. ಪರಿಮಳ ಕೊಡುವುದು ಎಣ್ಣೆ. ಅದು ಕುದಿದರೆ ಆವಿಯ ಜೊತೆ ಹೊರಟುಹೋಗುತ್ತದೆ. ಅಂದ ಮೇಲೆ ದುಡ್ಡು ಕೊಟ್ಟು ತಂದ ನೆಲ್ಸನ್ ಸೋವಿನ್ ಅನ್ನು ಒಂದು ಗಂಟೆ ಕುದಿಸುವುದು, ಜೀರಿಗೆ ಮಿಡಿಯನ್ನು ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡೆಸಿದ ಹಾಗೆ. ಕಹಿಗೆ ನಾನು ಬಳಸುತ್ತಿದ್ದದ್ದು ಮ್ಯಾಗ್ನಮ್. ಜರ್ಮನಿಯ ತಳಿ, ಆಲ್ಫಾ ಶೇ. 12ರಿಂದ 14. ಕಹಿ ಕೊಟ್ಟು ಸುಮ್ನೆ ಮೂಲೆಯಲ್ಲಿ ಕೂರುತ್ತದೆ, ಬೇರೆ ಮಾತಾಡುವುದಿಲ್ಲ. 20 ಲೀಟರಿಗೆ 25 ಗ್ರಾಂ ಸಾಕಾಗುತ್ತಿತ್ತು.

ಪರಿಮಳದ್ದು ಕೊನೆಗೆ. ಒಲೆ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ ಸ್ವಲ್ಪ. ಹುದುಗು ಬಂದು ನೊರೆ ಇಳಿದ ಮೇಲೆ ಇನ್ನು ಸ್ವಲ್ಪ, ಎರಡು ಮೂರು ದಿನಕ್ಕೆ. ಜಾಸ್ತಿ ದಿನ ಬಿಟ್ಟರೆ ಹುಲ್ಲಿನ ವಾಸನೆ ಬರುತ್ತದೆ.

ಈಗ ಜೋಡಿಯ ವಿಷಯ. ಇದರಲ್ಲಿ ನನಗೆ ಸ್ವಲ್ಪ ಹಟ ಇದೆ. ಎರಡು ಸಾಕು. ಮೂರನೆಯದನ್ನು ಹಾಕುವ ಮೊದಲು, ಅದು ಮಾಡುವ ಕೆಲಸ ಏನು ಅಂತ ಬಾಯಿಬಿಟ್ಟು ಹೇಳಲು ಬರಬೇಕು. “ಚೆನ್ನಾಗಿರುತ್ತದೆ” ಅಂದರೆ ಅದು ಉತ್ತರ ಅಲ್ಲ.

ನನಗೆ ತುಂಬ ಸರಿಹೋದ ಜೋಡಿ ನೆಲ್ಸನ್ ಸೋವಿನ್, ಮೊಟುಯೆಕಾ. ಎರಡೂ ನ್ಯೂಜಿಲೆಂಡ್‌ನವೇ. ನೆಲ್ಸನ್ ಸೋವಿನ್ 2000ದಲ್ಲಿ ಬಂದ ತಳಿ. ಹೆಸರು ಸೋವಿನ್ಯಾನ್ ಬ್ಲಾಂಕ್ ದ್ರಾಕ್ಷಿಯಿಂದ ಬಂದದ್ದು. ಬಿಳಿ ದ್ರಾಕ್ಷಿಯ ಜೊತೆ ನೆಲ್ಲಿಕಾಯಿಯಂಥ ಒಂದು ಒಗರು ಘಮ. ಅದೊಂದೇ ಆದರೆ ಎರಡನೇ ಗ್ಲಾಸಿಗೆ ಬೇಸರ ಬರುತ್ತದೆ. ಮೊಟುಯೆಕಾ ಬೊಹೀಮಿಯಾದ ಸಾಜ್ ತಳಿಯ ವಂಶದ್ದು, ನಿಂಬೆ ಸಿಪ್ಪೆಯ ವಾಸನೆ. ದ್ರಾಕ್ಷಿಯ ಮೇಲೆ ನಿಂಬೆ ಹಿಂಡಿದ ಹಾಗಾಗುತ್ತದೆ. ಎರಡು ಪಾಲು ನೆಲ್ಸನ್, ಒಂದು ಪಾಲು ಮೊಟುಯೆಕಾ. ಸಮ ಸಮ ಹಾಕಿಯೂ ನೋಡಿದ್ದೇನೆ. ಆಗ ಯಾರೂ ಮುಂದೆ ಬರುವುದಿಲ್ಲ. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಒಟ್ಟಿಗೆ ಮಾತಾಡಿದ ಹಾಗೆ.

ಇನ್ನೊಂದು ಜೋಡಿ ಸಿಟ್ರಾ, ಸಿಮ್ಕೋ. ಎರಡೂ ಅಮೆರಿಕದವು. ಸಿಟ್ರಾ ಅಂದರೆ ಮಾವು, ಚಕ್ಕೋತ, ತುಂಬ ಬಾಯಿಬಡುಕ ತಳಿ. ಸಿಮ್ಕೋದಲ್ಲಿ ಪೈನ್ ಮರದ ಅಂಟಿನ ವಾಸನೆ. ಹಣ್ಣು ತೀರಾ ಸಿಹಿಯಾಗಿ ತೇಲದಂತೆ ಅದು ಕೆಳಗಿಂದ ಹಿಡಿದುಕೊಳ್ಳುತ್ತದೆ. ಸಿಟ್ರಾಕ್ಕೆ ಮೊಸಾಯಿಕ್ ಸೇರಿಸುವವರು ಬಹಳ ಮಂದಿ. ನನಗೆ ಅದು ಹಣ್ಣಿಗೆ ಹಣ್ಣು, ಒಂದೇ ದಿಕ್ಕು. ಹೇಳಿದೆನಲ್ಲ, ನನಗೆ ಮೊಸಾಯಿಕ್ ಮೇಲೆ ಹಳೇ ಸಿಟ್ಟೂ ಇದೆ.

ಜೋಡಿಯೇ ಬೇಡ ಅನ್ನುವ ಬಿಯರ್ ಕೂಡ ಇದೆ. 1842ರಲ್ಲಿ ಪಿಲ್ಸೆನ್‌ನಲ್ಲಿ ಹುಟ್ಟಿದ ತಿಳಿ ಚಿನ್ನದ ಬಣ್ಣದ ಲಾಗರ್‌ಗೆ ಸಾಜ್ ಒಂದೇ ಸಾಕು. ಒಂದು ಭರಣಿ, ಒಂದು ಮರ.

ಪಟ್ಟಿ ನೋಡಿ ಹಾಪ್ಸ್ ಆರಿಸುವುದು ಜಾತಕ ನೋಡಿ ಸೊಸೆ ತಂದ ಹಾಗೆ. ಎಣ್ಣೆಯಲ್ಲಿರುವ ಪರಿಮಳದ ಅಂಶಗಳು, ಮಿರ್ಸೀನ್ ಎಷ್ಟು, ಹ್ಯೂಮುಲೀನ್ ಎಷ್ಟು ಅಂತ ಅಂಕಿ ಇರುತ್ತದೆ. ನನಗೆ ಆ ಹೆಸರುಗಳು ಇಷ್ಟ, ಸುಳ್ಳು ಹೇಳುವುದಿಲ್ಲ. ಮಿರ್ಸೀನ್ ಮಾವಿನಲ್ಲೂ ಇದೆ. ಕ್ಯಾರಿಯೊಫಿಲೀನ್ ನಮ್ಮ ತೋಟದ ಕಾಳುಮೆಣಸಿನಲ್ಲೂ ಇದೆ. ಆದರೆ ಚೀಲದಲ್ಲಿದ್ದ ವಾಸನೆಯೇ ಗ್ಲಾಸಿಗೆ ಬರಬೇಕೆಂದಿಲ್ಲ. ಯೀಸ್ಟ್ ನಡುವೆ ಕೈ ಹಾಕುತ್ತದೆ. ಗುಲಾಬಿ ವಾಸನೆಯ ಜೆರಾನಿಯಾಲ್ ಅನ್ನು ನಿಂಬೆ ಕಡೆ ವಾಲುವ ಸಿಟ್ರೊನೆಲ್ಲೋಲ್ ಮಾಡಿಬಿಡುತ್ತದೆ. ಮೂಗಿಗೆ ಅಭ್ಯಾಸ ಮಾಡಿಸದೆ ಬೇರೆ ದಾರಿ ಇಲ್ಲ.

ಅದಕ್ಕೊಂದು ಸುಲಭದ ಉಪಾಯ ಇದೆ. ಕುದಿಸುವುದೇ ಬೇಡ, ಶಿರಸಿಯಲ್ಲಿ ಕೂತೂ ಮಾಡಬಹುದು. ಅಂಗಡಿಯಿಂದ ಸಪ್ಪೆ ಲಾಗರ್‌ನ ಸಣ್ಣ ಬಾಟಲಿ ನಾಲ್ಕು ತನ್ನಿ. ರಾತ್ರಿಯೆಲ್ಲ ಫ್ರಿಜ್‌ನಲ್ಲಿಡಿ. ಮುಚ್ಚಳ ತೆಗೆದು ಒಂದಕ್ಕೆ ಎರಡು ಪೆಲೆಟ್ ಸಿಟ್ರಾ, ಒಂದಕ್ಕೆ ಸಿಮ್ಕೋ, ಒಂದಕ್ಕೆ ಎರಡೂ ಒಂದೊಂದು ಹಾಕಿ ಕೂಡಲೇ ಹೊಸ ಮುಚ್ಚಳ ಒತ್ತಿ. ನಾಲ್ಕನೆಯದಕ್ಕೆ ಏನೂ ಹಾಕಬೇಡಿ. ಮೂರು ದಿನ ಬಿಟ್ಟು ಸಾಲಾಗಿ ಕುಡಿದು ನೋಡಿ. ಬಾಟಲಿ ಸರಿಯಾಗಿ ತಣಿದಿರಬೇಕು. ಮೊದಲ ಸಲ ನಾನು ಗಡಿಬಿಡಿಯಲ್ಲಿ ತಣಿಯದ ಬಾಟಲಿಗೇ ಪೆಲೆಟ್ ಹಾಕಿದೆ. ಹಾಕಿದ ಕೂಡಲೇ ನೊರೆ ಬುಸ್ ಅಂತ ಎದ್ದು ಗೋಡೆಯ ಕ್ಯಾಲೆಂಡರ್‌ವರೆಗೆ ಹೋಯಿತು. ಸಂಕಷ್ಟಿ ದಿನ ಬೇರೆ. ಆಯಿ ಏನೂ ಹೇಳಲಿಲ್ಲ. ನೆಲ ಎರಡು ಸಲ ಒರೆಸಿದಳು.

ಅದೂ ಬೇಡ ಅನ್ನುವವರು 80 ಡಿಗ್ರಿಯ ನೀರಿಗೆ ಒಂದು ಪೆಲೆಟ್ ಹಾಕಿ, ಮುಚ್ಚಿಟ್ಟು, ಹತ್ತು ನಿಮಿಷ ಬಿಟ್ಟು ಸೋಸಿ. ತಣಿಸಿ ಸೋಡಾ ಬೆರೆಸಿದರೆ ಬೇಸಿಗೆಗೆ ಚಂದ. ಮೊಟುಯೆಕಾಕ್ಕೆ ಒಂದು ಚಮಚ ಮುರುಗಲು ರಸ ಹಾಕಿದರೆ ಇನ್ನೂ ಚಂದ. ಉಳಿದ ಚರಟ ನಾಯಿಗೆ ಸಿಗದ ಹಾಗೆ ಹೂತುಬಿಡಿ. ಹಾಪ್ಸ್ ನಾಯಿಗೆ ವಿಷ.

ಇನ್ನು ಜೋಪಾನ. ಎಷ್ಟು ಒಳ್ಳೆಯ ತಳಿಯಾದರೂ ಬಿಸಿ ತಾಗಿದರೆ ಮುಗಿಯಿತು. ಹೋದ ಮೇ ತಿಂಗಳಲ್ಲಿ ಕಾರವಾರದ ಭಾವನ ಮನೆಗೆ ಒಂದು ಪಾರ್ಸೆಲ್ ತರಿಸಿದ್ದೆ. ಕೊರಿಯರ್‌ನವರ ತಗಡಿನ ಶೆಡ್ಡಿನಲ್ಲಿ ನಾಲ್ಕು ದಿನ ಬಿದ್ದಿತ್ತು. ಬಿಚ್ಚಿದರೆ ಹಳಸಿದ ಚೀಸ್ ವಾಸನೆ. ಭಾವ ಮೂಗು ಮುಚ್ಚಿಕೊಂಡು, “ಇದಕ್ಕಿಂತ ನಮ್ಮ ಒಣಮೀನ ಪ್ಯಾಟೆ ವಾಸನೇನೆ ಅಡ್ಡಿಲ್ಲೆ” ಅಂದ. ಗಾಳಿ ತೆಗೆದ ಚೀಲ, ಫ್ರೀಜರ್, ಒಡೆದ ಚೀಲ ಬೇಗ ಮುಗಿಸುವುದು, ಇಷ್ಟೇ ದಾರಿ. ಮಳೆಗಾಲದಲ್ಲಿ ನಮ್ಮ ಊರಲ್ಲಿ ಕರೆಂಟು ಎರಡೆರಡು ದಿನ ಹೋಗುತ್ತದೆ. ಆಗ ನಾನು ಫ್ರೀಜರ್ ಬಾಗಿಲಿಗೆ ಯಾರೂ ಕೈ ಹಾಕದಂತೆ ಕಾಯುತ್ತೇನೆ.

ಮೊನ್ನೆ ಮಿಡಿ ಉಪ್ಪಿಗೆ ಹಾಕಿದ ದಿನ ಆಯಿಯ ಮೂಗು ಹದವಾಗಿತ್ತು. ಕೈಯೆಲ್ಲ ಸೊನೆ. ಬಂದವಳು ನನ್ನ ಪಕ್ಕ ಕೂತು, “ತಾ ಕಾಂಬ” ಅಂದಳು. ಒಂದೊಂದೇ ಚೀಲ ಬಿಚ್ಚಿ ಕೊಟ್ಟೆ. ಇಂಗ್ಲಿಷ್ ಹೆಸರು ಅವಳಿಗೆ ಬೇಡ. ಮೂಸಿದಳು, ಕಣ್ಣು ಮುಚ್ಚಿದಳು, ಭರಣಿಗೆ ಅಂಟಿಸುವ ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಅಂಟಿಸಿದಳು. ಮೊಟುಯೆಕಾ: ನಿಂಬೆ. ಸಿಮ್ಕೋ: ಧೂಪ. ಸಿಟ್ರಾ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ “ಸೊನೆ” ಅಂತ ಬರೆದಳು.

ಮೊಸಾಯಿಕ್ ಚೀಲವನ್ನು ನಾನು ಬೇಕೆಂದೇ ಕೊನೆಗೆ ಕೊಟ್ಟೆ. ಏನೂ ಹೇಳಿರಲಿಲ್ಲ. ಒಂದೇ ಸಲ ಮೂಸಿದಳು. ಅದಕ್ಕೆ ಚೀಟಿ ಬರೆಯಲಿಲ್ಲ. ಈಗ ಅದು ಎರಡು ಪ್ಲಾಸ್ಟಿಕ್ ಕವರಿನೊಳಗೆ, ಬಿಗಿಯಾಗಿ ಗಂಟು ಹಾಕಿಸಿಕೊಂಡು, ಅವಳ ಕಾಯಿತುರಿಯಿಂದ ಆದಷ್ಟು ದೂರ, ಫ್ರೀಜರ್‌ನ ಕೆಳಗಿನ ಮೂಲೆಯಲ್ಲಿದೆ.