ಬೀಗ ಇದೆ ಅಂತ ನಂಬಿದ್ದ ಕೋವಿ

ಕಳೆದ ಆಯುಧಪೂಜೆಯ ದಿನ ಊರಿನ ಮನೆಯಲ್ಲಿ ಆದದ್ದನ್ನು ಬರೆಯಲೇಬೇಕು ಅಂತ ಇಷ್ಟು ದಿನ ಅಂದುಕೊಳ್ಳುತ್ತಿದ್ದೆ. ಇವತ್ತು ಕೂತಿದ್ದೇನೆ.

ನಮ್ಮೂರು ಮಳವಳ್ಳಿ ತಾಲ್ಲೂಕು, ಮುತ್ತತ್ತಿ ಕಾಡಿನ ಕಡೆಗೆ. ಕಬ್ಬಿಗೆ, ರಾಗಿಗೆ ಹಂದಿ ಕಾಟ ಮೊದಲಿಂದಲೂ ಇದೆ, ಆನೆಗಳೂ ಬರುತ್ತವೆ. ಅದಕ್ಕೇ ತಾತನ ಕಾಲದಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿದ ಜೋಡಿ ನಳಿಗೆ ಕೋವಿ ಮನೆಯಲ್ಲಿದೆ, ಈಗ ಅಪ್ಪನ ಹೆಸರಿಗೆ ಬಂದಿದೆ. ಅಪ್ಪ ಅದರಲ್ಲಿ ಪ್ರಾಣಿ ಹೊಡೆದವರಲ್ಲ. ರಾತ್ರಿ ಹೊಲದ ಬದುವಿನಲ್ಲಿ ನಿಂತು ಆಕಾಶಕ್ಕೆ ಒಂದು ಸದ್ದು ಮಾಡಿ ಬರುತ್ತಾರೆ, ಅಷ್ಟೇ.

ಮೊದಲೆಲ್ಲ ಅದು ನಡುಮನೆಯ ಗೋಡೆಯಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಚುನಾವಣೆ ಬಂದಾಗ ಠಾಣೆಗೆ ಹೋಗುತ್ತಿತ್ತು, ಮುಗಿದ ಮೇಲೆ ವಾಪಸ್ ಬಂದು ಅದೇ ಗೂಟಕ್ಕೆ ಏರುತ್ತಿತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಅದು ಠಾಣೆಯಲ್ಲಿದ್ದಷ್ಟು ದಿನ ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದೆ ಅಂತ ಹೇಳುತ್ತಾರೆ. ನಾನಾಗ ಆ ಮಾತಿಗೆ ಗಮನ ಕೊಡಲಿಲ್ಲ.

2025ರ ಫೆಬ್ರುವರಿಯಲ್ಲಿ ನಮ್ಮದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರಂನಲ್ಲಿ 15 ವರ್ಷದ ಹುಡುಗನ ಕೈಗೆ ಕೋವಿ ಸಿಕ್ಕಿ, ಗುಂಡು ಹಾರಿ, ಪಶ್ಚಿಮ ಬಂಗಾಳದಿಂದ ಕೆಲಸಕ್ಕೆ ಬಂದಿದ್ದ ಕುಟುಂಬದ ಪುಟ್ಟ ಮಗು ತೀರಿಕೊಂಡಿತು. ಆ ಸುದ್ದಿ ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಮಗಳಿಗೆ ಈಗ ಏಳು. ರಜೆಗೆ ಊರಿಗೆ ಹೋದರೆ ಅವಳು ಆಡುವುದು ಅದೇ ನಡುಮನೆಯಲ್ಲಿ. ಮೈಸೂರಿನಲ್ಲಿ ಕೂತೇ ಫೋನಿನಲ್ಲಿ ಹುಡುಕಿ ಒಂದು ಟ್ರಿಗರ್ ಲಾಕ್ ತರಿಸಿದೆ. ಎರಡು ಅರ್ಧ ಇರುತ್ತವೆ, ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಇಟ್ಟು ಟ್ರಿಗರ್ ಮುಚ್ಚಿಹೋಗುವ ಹಾಗೆ ಒತ್ತಿ, ಬೀಗದಕೈ ತಿರುಗಿಸಿದರೆ ಆಯಿತು. ಅಪ್ಪ ಕೀ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡರು. ಎಲ್ಲರಿಗೂ ಸಮಾಧಾನ.

ಆ ಸಮಾಧಾನದಲ್ಲೇ ನಾವು ಹೆಚ್ಚು ಸಡಿಲ ಆಗಿಬಿಟ್ಟೆವು. ಮೊದಲು ಮಗಳು ಗೋಡೆ ಹತ್ತಿರ ಹೋದರೆ ಅಮ್ಮ ಕೂಗುತ್ತಿದ್ದರು, ಲಾಕ್ ಬಂದ ಮೇಲೆ ಕೂಗುವುದನ್ನು ಬಿಟ್ಟರು. ತೋಟಾಗಳ ಡಬ್ಬ ಅಟ್ಟದಿಂದ ಇಳಿದು ಅದೇ ಕೋಣೆಯ ಗೂಡಿಗೆ ಬಂತು. ಯಾಕೆ ಅಂದರೆ ಬೀಗ ಇದೆಯಲ್ವಾ.

ಆಯುಧಪೂಜೆ ದಿನ ಕುಡುಗೋಲು, ಮಚ್ಚು, ಟ್ರ್ಯಾಕ್ಟರ್ ಎಲ್ಲ ತೊಳೆದು, ಕೊನೆಗೆ ಕೋವಿ ಒರೆಸಲು ಕೂತೆ. ಮಗಳು ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲೇ ಕೂತಿದ್ದಳು. ಲಾಕಿನ ಸಂದಿಯಲ್ಲಿ ದೂಳಿತ್ತು, ಬಟ್ಟೆ ಹಾಕಿ ಸ್ವಲ್ಪ ಜೋರಾಗಿ ಎಳೆದೆ. ಎರಡೂ ಅರ್ಧ ಬೇರೆಯಾಗಿ ನನ್ನ ಕೈಗೆ ಬಂದವು. ನಾನು ಬೀಗದಕೈ ಹಾಕಿಯೇ ಇರಲಿಲ್ಲ. ಅಪ್ಪನನ್ನು ಕೂಗಿದೆ.

"ಬೀಗ ಆಕಿವ್ನಲ್ಲಪ್ಪ, ಕೀ ನನ್ ಜೇಬಲ್ಲೇ ಐತೆ ನೋಡು" ಅಂದರು, ಜೇಬು ತಟ್ಟಿ ತೋರಿಸಿದರು. ಆಮೇಲೆ ನನ್ನ ಕೈಯಲ್ಲಿದ್ದ ಎರಡು ತುಂಡು ನೋಡಿ ಅಲ್ಲೇ ಕೂತರು.

ನಳಿಗೆ ಬಿಚ್ಚಿ ನೋಡಿದೆವು, ತೋಟಾ ಇರಲಿಲ್ಲ. ಅದೊಂದೇ ನಮ್ಮ ಪುಣ್ಯ.

ಮತ್ತೆ ಹಾಕಿ ಎಳೆದೆ. ಹತ್ತು ಸಲದಲ್ಲಿ ನಾಲ್ಕು ಸಲ ಬಿಚ್ಚಿಕೊಂಡಿತು. ಮಾರಿದವರಿಗೆ ವಿಡಿಯೊ ಮಾಡಿ ಕಳಿಸಿದೆ. ವಾಪಸ್ ಮಾಡುವ ಅವಧಿ ಮುಗಿದಿದೆ ಅಂತ ಉತ್ತರ ಬಂತು. ದುಡ್ಡು ಬೇಡ, ಇದನ್ನೇ ಕೊಂಡ ಬೇರೆಯವರಿಗೆ ತಿಳಿಸುತ್ತೀರಾ ಅಂತ ಕೇಳಿದೆ. ಅದಕ್ಕೆ ಉತ್ತರವೇ ಬರಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿಯೇ.

ಆ ಸಿಟ್ಟಿನಲ್ಲೇ ಹುಡುಕುತ್ತಾ ಹೋದೆ. ಅಮೆರಿಕದಲ್ಲಿ ಇದೇ ಕಥೆ ಇಪ್ಪತ್ತೈದು ವರ್ಷದ ಹಿಂದೆಯೇ ನಡೆದಿದೆ. ಮಾಸ್ಟರ್ ಲಾಕ್ ಅನ್ನುವ ದೊಡ್ಡ ಕಂಪನಿ 2000ದಲ್ಲಿ 7,52,000 ಕೋವಿ ಬೀಗಗಳನ್ನು ವಾಪಸ್ ಕರೆಸಿಕೊಂಡಿತು, ಕೀ ಇಲ್ಲದೆಯೂ ಅವು ಬಿಚ್ಚಿಕೊಳ್ಳಬಹುದು ಅಂತ. ಮರುವರ್ಷ ಪ್ರಾಜೆಕ್ಟ್ ಹೋಮ್‌ಸೇಫ್ ಅನ್ನುವ ಕಾರ್ಯಕ್ರಮದಲ್ಲಿ ಪುಕ್ಕಟೆ ಹಂಚಿದ್ದ ಸುಮಾರು 4 ಲಕ್ಷ ಬೀಗಗಳ ಸರದಿ. ಮಕ್ಕಳನ್ನು ಕಾಪಾಡಲಿ ಅಂತಲೇ ಕೊಟ್ಟ ಬೀಗಗಳು ಅವು, ಬಡಿದರೆ ತೆರೆದುಕೊಳ್ಳುತ್ತಿದ್ದವು. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಆಗ 32 ಬಗೆಯ ಬೀಗಗಳನ್ನು ಪರೀಕ್ಷೆ ಮಾಡಿತ್ತು. ಅದರಲ್ಲಿ 30 ಬೀಗಗಳನ್ನು ಪೇಪರ್ ಕ್ಲಿಪ್ಪು, ಚಿಮುಟ ಹಾಕಿಯೋ, ಬಡಿದೋ ತೆರೆಯಲು ಆಯಿತು. ಎರಡೇ ಎರಡು ಉಳಿದವು. ಇನ್ನೊಂದು ಸಂಗತಿ, ಆ ಆಯೋಗಕ್ಕೆ ಕೋವಿ, ತೋಟಾಗಳ ಮೇಲೆ ಅಧಿಕಾರ ಇಲ್ಲ, ಬೀಗದ ಮೇಲೆ ಮಾತ್ರ ಇದೆ.

ಬೆರಳಚ್ಚು ಇಟ್ಟು ತೆರೆಯುವ ಪೆಟ್ಟಿಗೆ ತರೋಣ ಅಂತ ನನ್ನ ತಮ್ಮ ಹೇಳಿದ. ಅದರ ಕಥೆಯೂ ಸಿಕ್ಕಿತು. 2023ರ ಅಕ್ಟೋಬರಿನಲ್ಲಿ ಫೋರ್ಟ್ರೆಸ್ ಅನ್ನುವ ಕಂಪನಿಯ ಸುಮಾರು 61,000 ಪೆಟ್ಟಿಗೆಗಳನ್ನು ವಾಪಸ್ ಕರೆಸಿಕೊಂಡರು. ಬೇರೆಯವರ ಬೆರಳಿಗೂ ಅವು ತೆರೆದುಕೊಂಡಿದ್ದವು. 12 ವರ್ಷದ ಹುಡುಗನೊಬ್ಬ ತೀರಿಕೊಂಡ ಬಗ್ಗೆ ಮೊಕದ್ದಮೆಯೂ ಆಗಿದೆ. ಬ್ಯಾಟರಿ ತೆಗೆದುಬಿಡಿ, ಹೊಸದು ಬರುವವರೆಗೆ ಕೀಯಿಂದ ಮಾತ್ರ ತೆರೆಯಿರಿ ಅಂತ ಆಗ ಜನರಿಗೆ ಹೇಳಿದ್ದರು. ತಮ್ಮನ ಆಸೆ ಅಲ್ಲಿಗೆ ನಿಂತಿತು.

ಅಲ್ಲಿ ಕೊನೇಪಕ್ಷ ಒಂದು ಆಯೋಗ ಹೆಸರು, ಮಾಡೆಲ್ ನಂಬರ್ ಹಾಕಿ ಎಲ್ಲರಿಗೂ ಕಾಣುವ ಹಾಗೆ ಪ್ರಕಟಣೆ ಕೊಡುತ್ತದೆ. ನಮ್ಮ ಮನೆಯ ಲಾಕಿನ ಮೇಲೆ ಕಂಪನಿಯ ಹೆಸರೇ ಇರಲಿಲ್ಲ. ಯಾವನೋ ಎಲ್ಲೋ ಮಾಡಿದ್ದು, ಇನ್ಯಾವನೋ ಮಾರಿದ್ದು, ಅದನ್ನು ಯಾರು ವಾಪಸ್ ಕರೆಸಿಕೊಳ್ಳಬೇಕು? ಕಾನೂನು ನಮ್ಮಲ್ಲೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅಪಾಯದ ಸರಕನ್ನು ವಾಪಸ್ ತರಿಸಿ ದುಡ್ಡು ಕೊಡಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇದೆ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ನೀವೂ ಕೊಡಿ, ಒಂದು ದೂರಿಗಿಂತ ಹತ್ತು ದೂರಿಗೆ ಬಲ ಜಾಸ್ತಿ. ಆದರೆ ಬೀಗ ಕೆಟ್ಟಿದೆ ಅಂತ ಮಳವಳ್ಳಿಯ ಆ ಮನೆಗೆ ಕಾಗದ ಬರುತ್ತದೆ ಅಂತ ಕಾಯುತ್ತಾ ಕೂರಲು ನನಗೆ ಧೈರ್ಯ ಇಲ್ಲ. ನಮ್ಮ ಬೀಗವನ್ನು ನಾವೇ ಪರೀಕ್ಷೆ ಮಾಡಬೇಕು.

ಈಗ ನಾವು ಮಾಡುತ್ತಿರುವುದು ಇಷ್ಟು. ಮೊದಲು ನಳಿಗೆ ಬಿಚ್ಚಿ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಿಟ್ಟೂ ನೋಡುತ್ತೇವೆ. ತೋಟಾ ಇರುವ ಕೋವಿಗೆ ಟ್ರಿಗರ್ ಲಾಕ್ ಹಾಕಲೇಬಾರದು, ಹಾಕುವಾಗಲೋ ತೆಗೆಯುವಾಗಲೋ ಅದೇ ಟ್ರಿಗರಿಗೆ ತಾಗಿ ಗುಂಡು ಹಾರಬಹುದು. ಈಗ ತಂದಿರುವುದು ಕೇಬಲ್ ಬೀಗ, ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ಹಗ್ಗ ಇರುತ್ತಲ್ಲ ಅದು. ಬಿಚ್ಚಿದ ನಳಿಗೆಯೊಳಗೆ ತೂರಿಸಿ ಬೀಗ ಹಾಕಿದರೆ ಕೋವಿಯನ್ನು ಮುಚ್ಚುವುದಕ್ಕೇ ಆಗುವುದಿಲ್ಲ, ತೋಟಾ ತುಂಬುವ ಮಾತು ಹಾಗಿರಲಿ. ಅದನ್ನೂ ಸುಮ್ನೆ ನಂಬಲಿಲ್ಲ. ಜಗ್ಗಿದೆ, ಮರದ ಸುತ್ತಿಗೆಯಲ್ಲಿ ಬಡಿದೆ, ಹೇರ್‌ಪಿನ್ ಹಾಕಿ ತಿರುಗಿಸಿದೆ, ಮನೆಯಲ್ಲಿದ್ದ ಸಣ್ಣ ಕೀಗಳನ್ನೆಲ್ಲ ಹಾಕಿ ನೋಡಿದೆ. ಮೊದಲು ತಂದ ಕೇಬಲ್ ಬೀಗ ಟ್ರಂಕಿನ ಕೀಗೆ ತೆರೆದುಕೊಂಡಿತು! ಅದನ್ನು ಎಸೆದು ಇನ್ನೊಂದು ತಂದೆ.

ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಉದ್ದ ಪೆಟ್ಟಿಗೆ ಮಾಡಿಸಿ ಅಪ್ಪನ ಕೋಣೆಯ ಗೋಡೆಗೆ ಬೋಲ್ಟ್ ಹಾಕಿಸಿದ್ದೇವೆ. ತೋಟಾ ಬೇರೆ ಕೋಣೆಯ ಬೀರುವಿನಲ್ಲಿ. ಆ ಬೀರುವಿನ ಕೀ ಅಮ್ಮನ ಹತ್ತಿರ ಇರುತ್ತದೆ, ಎಲ್ಲಿ ಅಂತ ನನಗೂ ಹೇಳಿಲ್ಲ. ಮಗಳು ಪಕ್ಕ ಹೋದರೆ ಅಮ್ಮ ಮತ್ತೆ ಕೂಗುತ್ತಾರೆ.

ಹಬ್ಬ ಕಳೆದು ಮೂರನೇ ದಿನ ಅಪ್ಪ ಆ ಎರಡು ತುಂಡನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೊರಟರು. ನಮ್ಮದನ್ನು ನೋಡಿ ಮೇಲಿನ ಬೀದಿಯ ದೊಡ್ಡಪ್ಪನೂ ಅದೇ ಲಾಕ್ ತರಿಸಿಕೊಂಡಿದ್ದರು. ತರಿಸಿಕೊಟ್ಟವನು ನಾನೇ. ನಾನೂ ಹಿಂದೆಯೇ ಹೋದೆ. ದೊಡ್ಡಪ್ಪ ಕೋವಿ ತಂದು ಜಗಲಿಯ ಮೇಲಿಟ್ಟು, ನಳಿಗೆ ಬಿಚ್ಚಿ ಎರಡು ತೋಟಾ ಹೊರಗೆ ತೆಗೆದರು. ಅವರ ಮೊಮ್ಮಗ ಅಲ್ಲೇ ಗೋಲಿ ಆಡುತ್ತಿದ್ದ. "ನಮ್ದು ಗಟ್ಟಿಯಾಗೈತೆ ಬುಡ್ಲಾ" ಅಂದರು ದೊಡ್ಡಪ್ಪ. ಅಪ್ಪ ಮಾತಾಡದೆ ಲಾಕ್ ಹಿಡಿದು ಎಳೆದರು. ಮೂರನೇ ಸಲಕ್ಕೆ ಬಿಚ್ಚಿಕೊಂಡಿತು.