ಎಕ್ಸ್‌ಪಿ ಹಿಂದಕ್ಕೆ ಹೋಯಿತು, ಹನ್ನೊಂದು ದಿನದ ಲೆಕ್ಕವೂ ಹೋಯಿತು

ಶಿವಮೊಗ್ಗದಲ್ಲಿ ಕಂಪ್ಯೂಟರ್ ಸರ್ವಿಸ್ ನನ್ನ ಕೆಲಸ. ಗಿರಾಕಿಗಳಲ್ಲಿ ಅಡಿಕೆ ಮಂಡಿಯವರೇ ಜಾಸ್ತಿ. ಅಂಥ ಒಂದು ಮಂಡಿಯಲ್ಲಿ ಲೆಕ್ಕವೆಲ್ಲ ಇವತ್ತಿಗೂ ಫಾಕ್ಸ್‌ಪ್ರೋ ಅನ್ನುವ ಹಳೇ ಡೇಟಾಬೇಸ್ ಭಾಷೆಯಲ್ಲಿ ಬರೆಸಿದ, ವಿಂಡೋಸ್‌ಗೂ ಮೊದಲಿನ ಕಾಲದ ಡಾಸ್ ಪ್ರೋಗ್ರಾಂನಲ್ಲೇ ನಡೆಯುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆವಾರು ತೂಕ, ಬೆಳೆಗಾರರಿಗೆ ಕೊಟ್ಟ ಮುಂಗಡ, ಬಡ್ಡಿ, ಪಟ್ಟಿ (ಮಾರಾಟದ ಬಿಲ್) ಎಲ್ಲ ಅದರಲ್ಲೇ. ಅಲ್ಲಿನ ಹಿರಿಯ ಗುಮಾಸ್ತರು ಕೀಬೋರ್ಡ್ ನೋಡದೆ ಪಟ್ಟಿ ಹಾಕುತ್ತಾರೆ.

ಹಳೇ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ 64 ಬಿಟ್ ವಿಂಡೋಸ್ ಬಂತು. ಡಾಸ್ ಪ್ರೋಗ್ರಾಂ ಓಡಿಸುವ ಭಾಗವೇ ಅದರಲ್ಲಿ ಇಲ್ಲ. ಎರಡು ವಿಂಡೋಸ್ ಹಾಕಿ, ಬೇಕಾದಾಗ ಬೇಕಾದ್ದನ್ನು ಶುರು ಮಾಡಬಹುದಿತ್ತು. ಆದರೆ ಮಂಡಿಯವರು ಒಂದು ಕಡೆ ಧಾರಣೆ ನೋಡುತ್ತಲೇ ಇನ್ನೊಂದು ಕಡೆ ಪಟ್ಟಿ ಹಾಕಬೇಕು. ರೈತರು ಎದುರಿಗೆ ಕೂತಿರುವಾಗ ಪ್ರತಿ ಸಲ ರೀಸ್ಟಾರ್ಟ್ ಮಾಡೋಕಾಗುತ್ತಾ?

ಹಾಗಾಗಿ ವರ್ಚುವಲ್‌ಬಾಕ್ಸ್ ಹಾಕಿದೆ. ಒಂದು ಕಂಪ್ಯೂಟರ್‌ನ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್ ಅದು. ಅದರೊಳಗೆ ಡಾಸ್ ಪ್ರೋಗ್ರಾಂ ಓಡಿಸಬಲ್ಲ ಹಳೇ ವಿಂಡೋಸ್ ಎಕ್ಸ್‌ಪಿ ಹಾಕಿದೆ. ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಇದಕ್ಕೆ ಬೇಕಾದ ವರ್ಚುವಲೈಸೇಶನ್ ಆನ್ ಮಾಡಿ, 8 ಜಿಬಿ ರ‍್ಯಾಮ್‌ನಲ್ಲಿ 1 ಜಿಬಿಯನ್ನು ಎಕ್ಸ್‌ಪಿಗೆ ಕೊಟ್ಟೆ. ಅದಕ್ಕೆ ಅಷ್ಟು ಧಾರಾಳ ಸಾಕು. 2014ರ ಏಪ್ರಿಲ್‌ನಲ್ಲೇ ಎಕ್ಸ್‌ಪಿಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ, ಅದಕ್ಕೇ ಅದರ ಇಂಟರ್ನೆಟ್ ತೆಗೆದೆ. ಎಲ್ಲ ಸರಿಯಾದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟೆ. ಏನಾದರೂ ಕೆಟ್ಟರೆ ಇದೇ ಸ್ಥಿತಿಗೆ ವಾಪಸ್ ಬರಬಹುದು ಅಂತ ಧೈರ್ಯವಾಗಿದ್ದೆ.

ಹನ್ನೊಂದು ದಿನ ಕಳೆಯಿತು. ಫೆಬ್ರವರಿ, ಒಳ್ಳೇ ಸೀಸನ್. ಪ್ರಿಂಟರ್ ಡ್ರೈವರ್ ಬದಲಿಸಲು ಹೋಗಿ ಎಕ್ಸ್‌ಪಿ ಶುರುವಾಗದಂತೆ ಮಾಡಿಬಿಟ್ಟೆ. ತಕ್ಷಣ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋದೆ. ಆಗ ವರ್ಚುವಲ್‌ಬಾಕ್ಸ್ ಕೇಳಿತ್ತು: ಈಗಿನ ಸ್ಥಿತಿಯನ್ನೂ ಒಂದು ಸ್ನ್ಯಾಪ್‌ಶಾಟ್ ಮಾಡಿಡಲಾ ಅಂತ. ಕೆಟ್ಟದ್ದನ್ನು ಇಟ್ಟುಕೊಂಡು ಸುಮ್ನೆ ಜಾಗ ಯಾಕೆ ಅಂತ ಆ ಟಿಕ್ ತೆಗೆದೆ. ಎರಡು ನಿಮಿಷದಲ್ಲಿ ಎಕ್ಸ್‌ಪಿ ಬಂತು. ಖುಷಿಯಿಂದ ಹೊರಟೆ.

ಮಧ್ಯಾಹ್ನ ಗುಮಾಸ್ತರ ಫೋನ್. ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಮೊನ್ನೆ ಮುಂಗಡ ತಗೊಂಡಿದ್ದರು, ಖಾತೆಯಲ್ಲಿ ಅದು ಇಲ್ಲ. "ಮಾರಾಯಾ, ಹನ್ನೊಂದು ದಿನದ ಲೆಕ್ಕ ಎಲ್ಲಿಟ್ಟಿದ್ದೀಯ?" ನನ್ನ ಕೈಕಾಲು ತಣ್ಣಗಾಯಿತು.

ಎಕ್ಸ್‌ಪಿಯ ಹಾರ್ಡ್‌ಡಿಸ್ಕ್ ಅನ್ನುವುದು ನಮ್ಮ ಕಂಪ್ಯೂಟರ್‌ನಲ್ಲಿ ಒಂದು ದೊಡ್ಡ ಫೈಲ್, ಅಷ್ಟೇ. ಸ್ನ್ಯಾಪ್‌ಶಾಟ್ ತೆಗೆದ ಗಳಿಗೆಯಿಂದ ಆ ಫೈಲನ್ನು ಯಾರೂ ಮುಟ್ಟುವುದಿಲ್ಲ. ಆಮೇಲೆ ಬರೆದದ್ದೆಲ್ಲ ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತದೆ. ಹಿಂದಕ್ಕೆ ಹೋಗುವುದು ಅಂದರೆ ಆ ಎರಡನೇ ಫೈಲನ್ನು ಬಿಸಾಡುವುದು. ಅದರಲ್ಲಿ ಕೆಟ್ಟ ಡ್ರೈವರ್ ಇತ್ತು, ನಿಜ. ಹನ್ನೊಂದು ದಿನದ ಪಟ್ಟಿಗಳೂ ಅದರಲ್ಲೇ ಇದ್ದವು.

ಪಟ್ಟಿಯ ಕಾರ್ಬನ್ ಪ್ರತಿಗಳು ಉಳಿದಿದ್ದವು. ಮುಂಗಡಕ್ಕೆ ಕೈಬರಹದ ರೋಜು ಪುಸ್ತಕ ಇತ್ತು. ಗುಮಾಸ್ತರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಮುಗಿಯುವಾಗ ಬೆಳಗಿನ ಜಾವ ಮೂರು ಗಂಟೆ. ಅವರು ಒಂದು ಮಾತೂ ಬೈಯಲಿಲ್ಲ. ಆ ಋಣ ನನ್ನ ಮೇಲಿದೆ.

ಮರುದಿನವೇ ಎಕ್ಸ್‌ಪಿಗೆ 2 ಜಿಬಿಯ ಇನ್ನೊಂದು ಡಿಸ್ಕ್ ಮಾಡಿದೆ. ವರ್ಚುವಲ್ ಮೀಡಿಯಾ ಮ್ಯಾನೇಜರ್‌ನಲ್ಲಿ ಅದರ ಬಗೆಯನ್ನು 'ರೈಟ್‌ಥ್ರೂ' ಅಂತ ಬದಲಿಸಿದೆ. ಈ ಬಗೆಯ ಡಿಸ್ಕ್ ಸ್ನ್ಯಾಪ್‌ಶಾಟ್‌ಗೆ ಸೇರುವುದೇ ಇಲ್ಲ, ಎಕ್ಸ್‌ಪಿ ಹಿಂದಕ್ಕೆ ಹೋದರೂ ಇದು ಇದ್ದಲ್ಲೇ ಇರುತ್ತದೆ. ಲೆಕ್ಕದ ಫೋಲ್ಡರ್ ಪೂರ್ತಿ ಅಲ್ಲಿಗೆ ಸಾಗಿಸಿದೆ. ಆದರೂ ಡಿಸ್ಕ್ ಫೈಲು ಇರುವುದು ಅದೇ ಕಂಪ್ಯೂಟರ್‌ನಲ್ಲಿ ತಾನೇ? ನಮ್ಮ ಕಡೆ ಮಳೆಗಾಲದ ಸಿಡಿಲು ಗೊತ್ತಲ್ವಾ. ಅದಕ್ಕೆ ದಿನಾ ಸಂಜೆ ಎಕ್ಸ್‌ಪಿ ಶಟ್‌ಡೌನ್ ಮಾಡಿ, ಆ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಾರೆ. ಎರಡು ಪೆನ್‌ಡ್ರೈವ್, ದಿನ ಬಿಟ್ಟು ದಿನ. ಒಂದು ಯಾವಾಗಲೂ ಗುಮಾಸ್ತರ ಮನೆಯಲ್ಲಿರುತ್ತದೆ.

ಮೇ ತಿಂಗಳಲ್ಲಿ ಎಕ್ಸ್‌ಪಿ ಮತ್ತೆ ಕೆಟ್ಟಿತು. ಈ ಸಲ ಟಿಕ್ ತೆಗೆಯಲಿಲ್ಲ. ಹಿಂದಕ್ಕೆ ಹೋಗಿ, ಮೊದಲು ಖಾತೆ ತೆಗೆದು ಗುಮಾಸ್ತರ ಮುಂದಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಹಿಂದಿನ ಸಂಜೆಯ ಕೊನೆಯ ಪಟ್ಟಿಯವರೆಗೂ ನೋಡಿದರು. ಆಮೇಲೆ ಕಾಫಿ ತರಿಸಿದರು.